ಮರೆವಿಗೊಂದು ಪುಡಿ

ಲೊಕ್ಕನಹಳ್ಳಿಯ ಆ ಮನೆಗೆ ನಾನು ಮೊದಲ ಸಲ ಹೋದದ್ದು ಉಪ್ಪಿನ ಲೆಕ್ಕ ಹಿಡಿಯಲು.

ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ನನ್ನದು ಆಹಾರ ಸಲಹೆಗಾರ್ತಿಯ ಗುತ್ತಿಗೆ ಕೆಲಸ. ವಾರದಲ್ಲಿ ಕೆಲವು ದಿನ ಒಬ್ಬ ನರ್ಸ್ ಜೊತೆ ಜೀಪು ಹತ್ತಿ ಹಳ್ಳಿಗಳಿಗೆ ಹೋಗಬೇಕು. ನಡುವಯಸ್ಸು ದಾಟಿದವರ ಬಿ.ಪಿ., ಶುಗರ್ ನೋಡಬೇಕು, ಏನು ಉಣ್ಣುತ್ತಾರೆಂದು ಕೇಳಬೇಕು, ನೆನಪಿನ ಶಕ್ತಿಯ ಒಂದು ಸಣ್ಣ ಪರೀಕ್ಷೆ ಮಾಡಬೇಕು. ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಬಂದ ಮೇಲೆ ನಮ್ಮ ಕೈಲಿ ಆಗುವುದು ಕಡಿಮೆ. ಬರುವುದಕ್ಕೆ ಮುಂಚೆ ಊಟ, ಓಡಾಟ, ರಕ್ತದೊತ್ತಡದಲ್ಲಿ ಸರಿಮಾಡಿಕೊಳ್ಳಬಹುದಾದದ್ದು ಸಾಕಷ್ಟಿದೆ. ಅದನ್ನು ಜನರಿಗೆ ಹೇಳಲೆಂದೇ ನಮ್ಮನ್ನು ಕಳಿಸುತ್ತಿದ್ದರು. ಹಂಚಲು ಕೊಟ್ಟಿದ್ದ ಕರಪತ್ರದಲ್ಲಿ ಆಲಿವ್ ಎಣ್ಣೆ, ವಾಲ್‌ನಟ್, ಸಮುದ್ರದ ಮೀನಿನ ಬಣ್ಣದ ಚಿತ್ರಗಳಿದ್ದವು. ಹನೂರು ತಾಲ್ಲೂಕಿನಲ್ಲಿ ಆಲಿವ್ ಎಣ್ಣೆ ಎಲ್ಲಿ ಸಿಗುತ್ತದೆಂದು ಅದನ್ನು ಅಚ್ಚು ಹಾಕಿಸಿದವರನ್ನು ಹಿಡಿದು ಕೇಳಬೇಕು ಅನ್ನಿಸುತ್ತಿತ್ತು. ಆ ಕಟ್ಟನ್ನು ನಾನು ಜೀಪಿನ ಸೀಟಿನಡಿಗೆ ತಳ್ಳಿದ್ದೆ. ನುಗ್ಗೆಸೊಪ್ಪು, ಹುರುಳಿ, ಅವರೆ, ಅಲಸಂದೆ, ರಾಗಿ, ಹುಚ್ಚೆಳ್ಳು, ಕೆರೆಮೀನು ಎಂದು ಬಾಯಲ್ಲೇ ಹೇಳುತ್ತಿದ್ದೆ.

ಉಪ್ಪಿನ ಲೆಕ್ಕ ಹಿಡಿಯುವ ದಾರಿ ಸುಲಭ. ಎಷ್ಟು ಉಪ್ಪು ತಿನ್ನುತ್ತೀರಿ ಎಂದರೆ ಎಲ್ಲರೂ ‘ಕಮ್ಮಿ’ ಎನ್ನುತ್ತಾರೆ. ಅದಕ್ಕೇ ಒಂದು ಪ್ಯಾಕೆಟ್ ಒಡೆದರೆ ಎಷ್ಟು ದಿನಕ್ಕೆ ಮುಗಿಯುತ್ತದೆ, ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಕೇಳಿ ಭಾಗಿಸುತ್ತೇನೆ. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ ದಾಟಬಾರದು. ಆ ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಒಂದು ಕೆ.ಜಿ. ಪ್ಯಾಕೆಟ್ ತಿಂಗಳೂ ಬರುತ್ತಿರಲಿಲ್ಲ. ಇರಬೇಕಾದದ್ದರ ಮೂರು ಪಟ್ಟಿಗಿಂತ ಹೆಚ್ಚು.

ಮನೆಯಾಕೆ ಅದೇ ಊರಿನ ಶಾಲೆಯಲ್ಲಿ ಬಹಳ ವರ್ಷ ಬಿಸಿಯೂಟ ಮಾಡಿದವರು. ಊರಿನವರಿಗೆಲ್ಲ ಅವರು ಅಡುಗೆಯವ್ವ. ಇನ್ನೂ ಅರವತ್ತು ಆಗಿರಲಿಲ್ಲ. ಹಿಂದಿನ ವರ್ಷ ಒಂದು ದಿನ ಸಾಂಬಾರಿಗೆ ಎರಡೆರಡು ಸಲ ಉಪ್ಪು ಹಾಕಿದರು. ಇನ್ನೊಂದು ದಿನ ಗ್ಯಾಸ್ ಆರಿಸುವುದನ್ನು ಮರೆತರು. ಮಕ್ಕಳಿರುವ ಜಾಗ, ಏನಾದರೂ ಆದರೆ ಯಾರು ಹೊಣೆ ಎಂದು ಅವರನ್ನು ಕೆಲಸದಿಂದ ಬಿಡಿಸಿದ್ದರು.

ನೆನಪಿನ ಪರೀಕ್ಷೆಯಲ್ಲಿ ಗಡಿಯಾರದ ಚಿತ್ರ ಬರೆಸಬೇಕೆಂಬ ಸೂಚನೆ ಇತ್ತು. ಜೀವಮಾನದಲ್ಲಿ ಪೆನ್ನು ಹಿಡಿಯದವರ ಕೈಗೆ ಪೆನ್ನು ಕೊಟ್ಟು, ಗಡಿಯಾರ ಸೊಟ್ಟಗಾಯಿತು, ನಿಮ್ಮ ಮೆದುಳು ಸರಿಯಿಲ್ಲ ಎನ್ನುವುದು ನನ್ನಿಂದ ಆಗುತ್ತಿರಲಿಲ್ಲ. ವೈದ್ಯರನ್ನು ಕೇಳಿಕೊಂಡು, ಅದರ ಬದಲು ದಿನವೂ ಮಾಡುವ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ವರಸೆಯಾಗಿ ಹೇಳಿಸುತ್ತಿದ್ದೆ. ಅಡುಗೆಯವ್ವನಿಗೆ ಉಪ್ಸಾರು ಮಾಡುವ ಬಗೆ ಹೇಳಿ ಎಂದೆ.

“ಕಾಳು ಬೇಯಾಕ್ತೀನಿ. ಸೊಪ್ಪು ಆಕ್ತೀನಿ. ಬಸ್ಕತೀನಿ... ಆಮೇಲೆ ಖಾರ ಅರಿತೀನಿ. ಆಮೇಲೆ...” ಎಂದು ತಡೆದರು. “ಆಮೇಲೆ ಕಾಳು ಬೇಯಾಕ್ತೀನಿ.”

ಹೇಳಿದ್ದು ತಪ್ಪಿತೆಂದು ಅವರಿಗೇ ಗೊತ್ತಾಯಿತು. ಸೆರಗು ಬಾಯಿಗೆ ಹಿಡಿದುಕೊಂಡರು. “ಇಸ್ಕೂಲ್ ಮಕ್ಕೆಲ್ಲ ಒಬ್ಳೇ ಬೇಯ್ಸಾಕ್ತಿದ್ದೆ ಕಣವ್ವ” ಎಂದರು.

ನರ್ಸ್ ಶುಗರ್ ನೋಡಿದಳು, ಅಂಚಿನಲ್ಲಿತ್ತು. ಬಿ.ಪಿ. ನೋಡಿದಳು. ನೂರ ತೊಂಬತ್ತೆರಡು, ನೂರ ಹತ್ತು. ಇಷ್ಟಿದ್ದರೆ ಮಾತ್ರೆ ತಪ್ಪಿಸುವ ಹಾಗೇ ಇಲ್ಲ. ಹಳೆಯ ಚೀಟಿಯಲ್ಲಿ ಮಾತ್ರೆ ಬರೆದುಕೊಟ್ಟಿದ್ದೂ ಇತ್ತು. ಮಾತ್ರೆ ಎಲ್ಲಿ ಎಂದು ಕೇಳಿದೆ. ಗಂಡ ಒಳಗೆ ಹೋಗಿ ಹೊಳೆಯುವ ದೊಡ್ಡ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು.

“ಮಾತ್ರೆ ಬುಟ್ಬುಟ್ಟವ್ಳೆ ಮೇಡಮ್ಮ. ಮಾತ್ರೆ ತಿಂದ್ರೆ ಮೆದುಳು ಒಣಿಕತದೆ ಅಂತ ಮೇಷ್ಟ್ರು ಯೋಳುದ್ರು. ಈ ಪುಡಿ ಬೆಳಗ್ಗೆ ಸಂಜೆ ಆಲ್ಗಾಕಿ ಕುಡುದ್ರೆ ಮರವು ಬರಾದೇ ಇಲ್ವಂತೆ. ಗ್ಯಾರಂಟಿ.”

ಮೇಷ್ಟ್ರು ಎಂದರೆ ಅಡುಗೆಯವ್ವ ಕೆಲಸ ಮಾಡುತ್ತಿದ್ದ ಶಾಲೆಗೇ ಮುಖ್ಯೋಪಾಧ್ಯಾಯರಾಗಿದ್ದು, ನಿವೃತ್ತರಾಗಿ ಹನೂರಿನಲ್ಲಿ ನೆಲೆಸಿದ್ದವರು. ಈಗ ಈ ಪುಡಿಯ ಕಂಪನಿಗೆ ಅವರೇ ಮುಖ. ಊರೂರಲ್ಲಿ ಸಭೆ ಮಾಡುತ್ತಿದ್ದರು.

ಡಬ್ಬಿ ತಿರುಗಿಸಿ ಲೇಬಲ್ ಓದಿದೆ. ಮೊದಲ ಪದಾರ್ಥ ಸಕ್ಕರೆ, ಅದೇ ಅರ್ಧದಷ್ಟು. ಆಮೇಲೆ ಮಾಲ್ಟ್, ಕೋಕೋ, ಬಣ್ಣ. ಕೊನೆಗೆ, ಶಾಸ್ತ್ರಕ್ಕೆಂಬಂತೆ, ಎರಡು ಗಿಡಮೂಲಿಕೆಯ ಹೆಸರು. ನಗುವ ಅಜ್ಜನ ಚಿತ್ರದ ಕೆಳಗೆ ‘ಚುರುಕು ಬದುಕಿಗೆ’ ಎಂದಷ್ಟೇ ಇತ್ತು. ಮರೆವಿನ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಹೆಂಗಸು ದಿನಕ್ಕೆರಡು ಲೋಟ ಸಕ್ಕರೆ ಹಾಲು ಕುಡಿದು, ಬೆಳಗಿನ ಮುದ್ದೆ ಬಿಟ್ಟು, ಬಿ.ಪಿ. ಮಾತ್ರೆ ಬಿಟ್ಟು ಕೂತಿದ್ದರು.

ನನಗೆ ಮೈ ಉರಿಯಿತು. ಆದರೂ ದನಿ ಏರಿಸದೆ ಹೇಳಿದೆ. ಹೊಲದ ಡ್ರಿಪ್ ಪೈಪಿಗೆ ಜಾಸ್ತಿ ಪ್ರೆಷರ್ ಬಿಟ್ಟರೆ ಸಣ್ಣ ಪೈಪುಗಳು ಹೇಗೆ ಒಡೆಯುತ್ತವೋ, ಕಟ್ಟಿಕೊಳ್ಳುತ್ತವೋ, ಮೆದುಳಿನ ಸಣ್ಣ ರಕ್ತನಾಳಗಳೂ ಹಾಗೇ. ನೀರು ಹೋಗದ ಕಡೆ ಗಿಡ ಒಣಗುತ್ತದೆ. ಮರೆವಿಗೆ ಅದೂ ಒಂದು ಕಾರಣ ಎಂದೆ. ಮಾತ್ರೆ ಮತ್ತೆ ಶುರುಮಾಡಿ, ಉಪ್ಪು ಇಳಿಸಿ, ಒಣಮೀನು ಉಪ್ಪಿನಕಾಯಿ ದೂರವಿಡಿ, ಸೊಪ್ಪು ಕಾಳು ಮುದ್ದೆ ಉಣ್ಣಿ ಎಂದೆ.

ಗಂಡ ಗಮನವಿಟ್ಟು ಕೇಳಿದರು. “ಇಂಗೆಲ್ಲ ಉಂಡ್ರೆ ಮರವು ಬರಲ್ವಾ ಮೇಡಮ್ಮ?”

“ಬರೋ ಸಾಧ್ಯತೆ ಕಡಿಮೆ ಆಗುತ್ತೆ. ಇರೋದು ಬೇಗ ಹೆಚ್ಚದ ಹಾಗೆ ತಡೀಬಹುದು.”

“ಬರಾದೇ ಇಲ್ಲ ಅಂತ ಯೋಳಿ.”

ಹಾಗೆ ಹೇಳಲು ಬರುವುದಿಲ್ಲ. ಯಾವ ಊಟಕ್ಕೂ ಆ ಶಕ್ತಿ ಇಲ್ಲ. ಚೆನ್ನಾಗಿ ಉಂಡವರಿಗೂ ಆ ಕಾಯಿಲೆ ಬರುವುದುಂಟು. ಅಷ್ಟನ್ನೇ ಹೇಳಿದೆ. ಅವರ ಕಣ್ಣು ಡಬ್ಬಿಯ ಕಡೆ ಹೊರಳಿತು. ನಿಜ ಹೇಳಿದ್ದಕ್ಕೆ ನಾನು ಅಲ್ಲೇ ಸೋತಿದ್ದೆ.

ಮಾತ್ರೆಗಳನ್ನು ಕೈಗಿಟ್ಟು, ತಪ್ಪದೆ ಕೊಡುತ್ತೇನೆಂದು ಗಂಡನಿಂದ ಮಾತು ತೆಗೆದುಕೊಂಡು ಬಂದೆ.

ಮುಂದಿನ ವಾರ ಹನೂರಿನ ಕಲ್ಯಾಣ ಮಂಟಪದಲ್ಲಿ ಮೇಷ್ಟ್ರ ಸಭೆ ಇತ್ತು. ನಾನು ಹೋಗಿ ನಡುವಿನ ಸಾಲಿನಲ್ಲಿ ಕೂತೆ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಮೈಕ್ ಬೇಡದಂಥ ದನಿ. ಕೂತವರಲ್ಲಿ ಅರ್ಧಕ್ಕರ್ಧ ಅವರ ಹಳೆಯ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು. ಮೇಷ್ಟ್ರು ಮೊದಲು ತಮ್ಮ ತಂದೆಯ ಕತೆ ಹೇಳಿದರು. ಕೊನೆಕೊನೆಗೆ ಹೆತ್ತ ಮಗನನ್ನೇ ‘ನೀವ್ಯಾರು, ಯಾವೂರು’ ಎಂದು ಕೇಳುತ್ತಿದ್ದರಂತೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಡಬ್ಬಿ ಎತ್ತಿ ಹಿಡಿದರು. “ಈ ಗತಿ ನಿಮಗೆ ಬರಬಾರದು. ಬರೋದಿಲ್ಲ. ನಾನು ಗ್ಯಾರಂಟಿ.”

ನಾನು ಎದ್ದು ನಿಂತೆ. “ಸಾರ್, ಇದರಲ್ಲಿ ಅರ್ಧ ಸಕ್ಕರೆ ಇದೆ. ಬಿ.ಪಿ. ಮಾತ್ರೆ ಬಿಡಿ ಅಂತ ನೀವು ಹೇಳೋದು ಜೀವಕ್ಕೆ ಅಪಾಯ. ನಾನು ಆಸ್ಪತ್ರೆಯಿಂದ ಬಂದಿದೀನಿ.”

ಅವರು ಸಿಟ್ಟಾಗಲಿಲ್ಲ. ಪಾಠ ಓದದೆ ಬಂದ ಹುಡುಗಿಯನ್ನು ನೋಡುವಂತೆ ನೋಡಿದರು. “ಸರಿ ತಾಯಿ. ನೀವು ಹೇಳೋ ಸೊಪ್ಪು ಕಾಳು ತಿಂದ್ರೆ ಇವರಿಗ್ಯಾರಿಗೂ ಮರೆವು ಬರಲ್ಲ ಅಂತ ಗ್ಯಾರಂಟಿ ಕೊಡ್ತೀರಾ?”

“ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಸಾರ್.”

“ನೋಡಿದ್ರಾ?” ಎಂದು ಸಭೆಯ ಕಡೆ ತಿರುಗಿದರು. “ಅವರಿಗೇ ನಂಬಿಕೆ ಇಲ್ಲ.”

ಮಂಟಪವೆಲ್ಲ ನಕ್ಕಿತು. ಪಕ್ಕದ ಹೆಂಗಸು ನನ್ನ ಸೆರಗು ಹಿಡಿದು ಜಗ್ಗಿದರು. “ಕುಂತ್ಕಳವ್ವ, ದೊಡ್ಡೋರು ಮಾತಾಡ್ತಾವ್ರೆ.” ನಾನು ಕೂರಲಿಲ್ಲ, ಕೂಗಾಡಿದೆ. ಇದು ಮೋಸ ಎಂದೆ, ಪೊಲೀಸರಿಗೆ ಹೇಳುತ್ತೇನೆಂದೆ. ಕೂಗಿದಷ್ಟೂ ಅವರು ಶಾಂತವಾದರು. ಕೊನೆಗೆ ಇಬ್ಬರು ಗಂಡಸರು ಬಂದು ಬಾಗಿಲು ತೋರಿಸಿದರು. ಹೊರಗೆ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದೆ. ಒಳಗೆ ಡಬ್ಬಿ ಕೊಳ್ಳಲು ಜನ ಸಾಲು ನಿಲ್ಲುತ್ತಿದ್ದರು.

ಆಮೇಲೆ ಕಚೇರಿಗಳನ್ನು ಅಲೆದೆ. ಔಷಧಿ ಕಡೆಯವರು ಇದು ಔಷಧಿಯಲ್ಲ, ಆಹಾರ, ನಮಗೆ ಬರುವುದಿಲ್ಲ ಎಂದರು. ಆಹಾರ ಸುರಕ್ಷತೆಯವರು ಲೇಬಲ್ ನೋಡಿದರು. “ಮರೆವು ಹೋಗುತ್ತೆ ಅಂತ ಇದರ ಮೇಲೆ ಎಲ್ಲೂ ಇಲ್ಲವಲ್ಲ ಮೇಡಂ. ಬೇಕಾದ್ರೆ ಸ್ಯಾಂಪಲ್ ಕಳಿಸೋಣ. ಸಕ್ಕರೆ ಇದೆ ಅಂತ ವರದಿ ಬರುತ್ತೆ. ಅದನ್ನ ಅವರೇ ಬರೆದವ್ರೆ.” ಬಾಯಲ್ಲಿ ಹೇಳುತ್ತಿದ್ದಾರೆ ಎಂದೆ. ಬಾಯಲ್ಲಿ ಹೇಳಿದ್ದಕ್ಕೆ ನಾವೇನು ಮಾಡೋಣ ಎಂದರು. ನಮ್ಮ ವೈದ್ಯಾಧಿಕಾರಿ ಒಳ್ಳೆಯವರೇ. ಆದರೂ, “ದೂರು ಬರೆದುಕೊಡಿ, ಮೇಲಕ್ಕೆ ಕಳಿಸ್ತೀನಿ. ಅಲ್ಲಿವರೆಗೆ ಸಭೆಗೆ ನುಗ್ಗೋದು ಬೇಡ. ಮೇಷ್ಟ್ರಿಗೆ ಊರೆಲ್ಲ ಮರ್ಯಾದೆ ಕೊಡುತ್ತೆ” ಎಂದರು. ದೂರು ಬರೆದುಕೊಟ್ಟೆ. ಅದು ಮೇಲಕ್ಕೆ ಹೋಯಿತು. ಇನ್ನೂ ಅಲ್ಲೇ ಇರಬೇಕು.

ಅಡುಗೆಯವ್ವನಿಗೆ ಪಾರ್ಶ್ವವಾಯು ಹೊಡೆದ ದಿನ ನಾವು ಕುಂತೂರಿನಲ್ಲಿದ್ದೆವು. ಅಲ್ಲಿನ ಸಕ್ಕರೆ ಕಾರ್ಖಾನೆಯ ಕಾರ್ಮಿಕರಿಗೆ ಶಿಬಿರ. ಲೊಕ್ಕನಹಳ್ಳಿಯ ಆಶಾ ಕಾರ್ಯಕರ್ತೆ ಫೋನ್ ಮಾಡಿ, ಬೆಳಿಗ್ಗೆ ಒಲೆ ಮುಂದೆ ಕೂತಿದ್ದವರ ಕೈಯಿಂದ ಸೌಟು ಜಾರಿತು, ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಆಂಬುಲೆನ್ಸಿನಲ್ಲಿ ಕೊಳ್ಳೇಗಾಲಕ್ಕೆ ತರುತ್ತಿದ್ದಾರೆ ಎಂದಳು. ನಾವು ಹೊರಟೆವು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೈಲರು. ಹಾರ್ನ್ ಹೊಡೆದು ಹೊಡೆದು ಡ್ರೈವರ್ ಸುಸ್ತಾದ. ಆ ಒಂದೊಂದು ಟ್ರ್ಯಾಕ್ಟರನ್ನೂ ನಾನು ಬಾಯಿಗೆ ಬಂದಂತೆ ಬೈದೆ. ನಿಜಕ್ಕೂ ಬೈಯಬೇಕಾಗಿದ್ದವರು ಬೇರೆಯವರು.

ನಾವು ತಲುಪುವ ಹೊತ್ತಿಗೆ ಅವರನ್ನು ಮೈಸೂರಿಗೆ ಕಳಿಸಲು ಮತ್ತೆ ಆಂಬುಲೆನ್ಸಿಗೆ ಹತ್ತಿಸುತ್ತಿದ್ದರು. ಅಡುಗೆಯವ್ವನ ಎಡಗಣ್ಣು ನನ್ನನ್ನೇ ನೋಡುತ್ತಿತ್ತು. ಗುರುತು ಹಿಡಿದರೋ ಇಲ್ಲವೋ. ಗಂಡ ಹೆಂಡತಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

“ಮಾತ್ರೆ ಕೊಟ್ರಾ?” ಎಂದೆ. ಕೇಳಬಾರದ ಹೊತ್ತು ಅದು, ಗೊತ್ತಿತ್ತು.

“ಇಲ್ಲ ಕಣವ್ವ. ಪುಡಿಗೂ ಮಾತ್ರೆಗೂ ಆಗ್ಬರಲ್ಲ ಅಂದ್ಬುಟ್ರು ಮೇಷ್ಟ್ರು. ಓದ್ದೋರು... ನಾನು ಎಬ್ಬೆಟ್ಟು. ಯಾರ್ನ ನಂಬ್ಲಿ?”

ಆಂಬುಲೆನ್ಸ್ ಹೋಯಿತು. ಆವರಣದ ಹುಣಸೆಮರದ ಕೆಳಗೆ ಕೂತು ನಾನು ಅತ್ತೆ. ದುಃಖಕ್ಕಿಂತ ಸಿಟ್ಟಿಗೇ ಅತ್ತದ್ದು ಹೆಚ್ಚು.

ಅಲ್ಲಿ ಕೂತೇ ನನಗೆ ಒಂದು ವಿಷಯ ಹೊಳೆಯಿತು. ಮಾತಿಗೆ ಮಾತು ಕೊಟ್ಟು ಮೇಷ್ಟ್ರನ್ನು ಗೆಲ್ಲಲು ನನ್ನಿಂದ ಆಗುವುದಿಲ್ಲ. ಅವರಿಗೆ ಸುಳ್ಳು ಹೇಳುವ ಸ್ವಾತಂತ್ರ್ಯವಿದೆ, ನನಗಿಲ್ಲ. ಆದರೆ ಸಭೆಯಲ್ಲಿ ಕೂತ ಪ್ರತಿಯೊಬ್ಬರ ತೋಳಿನೊಳಗೂ ಒಂದು ನಿಜ ಓಡುತ್ತಿರುತ್ತದೆ. ಅದನ್ನು ಅವರವರಿಗೆ ತೋರಿಸಿದರೆ ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ.

ವೈದ್ಯಾಧಿಕಾರಿಗೆ ಹೇಳಿದೆ. “ಮೇಷ್ಟ್ರೇ ಒಪ್ಪಿದರೆ ಬಿ.ಪಿ. ನೋಡೋಕೆ ನನ್ನ ಅಡ್ಡಿಯಿಲ್ಲ” ಎಂದರು. ಹಲ್ಲು ಕಚ್ಚಿಕೊಂಡು ಹನೂರಿಗೆ, ಮೇಷ್ಟ್ರ ಮನೆಗೇ ಹೋದೆ. ಮಂಟಪದಲ್ಲಿ ಕೂಗಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದೆ. ನಿಮ್ಮ ಮುಂದಿನ ಸಭೆಯಲ್ಲಿ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಬಂದವರ ಬಿ.ಪಿ., ಶುಗರ್ ಪುಕ್ಕಟೆ ನೋಡುತ್ತೇವೆ ಎಂದೆ. ಆ ಮಾತುಗಳನ್ನು ಆಡುವಾಗ ನನ್ನ ನಾಲಿಗೆ ಕಹಿಯಾಗಿತ್ತು.

ಅವರ ಮುಖ ಅರಳಿತು. ಆಸ್ಪತ್ರೆಯವರು ತಮ್ಮ ಸಭೆಗೆ ಬಂದು ಕೂರುವುದೆಂದರೆ ಪುಡಿಗೆ ಮುದ್ರೆ ಒತ್ತಿದ ಹಾಗೆ. “ಬನ್ನಿ ತಾಯಿ. ಆದ್ರೆ ಪುಡಿ ಬಗ್ಗೆ ಒಂದು ಮಾತೂ ಆಡಕೂಡದು.” ಆಡುವುದಿಲ್ಲ ಎಂದೆ.

ಆ ಸಭೆ ಇದ್ದದ್ದು ಲೊಕ್ಕನಹಳ್ಳಿಯ ಸಮುದಾಯ ಭವನದಲ್ಲಿ, ಭಾನುವಾರ ಬೆಳಿಗ್ಗೆ. ಅಡುಗೆಯವ್ವನ ವಿಷಯ ಊರಿಗೆಲ್ಲ ಗೊತ್ತಿತ್ತು. ಮಾತ್ರೆ ಬಿಟ್ಟದ್ದರಿಂದ ಹೀಗಾಯಿತೆಂದು ಯಾರೂ ಅಂದುಕೊಂಡಿರಲಿಲ್ಲ. ಪುಡಿ ಶುರುಮಾಡಿದ್ದು ತಡವಾಯಿತು, ಪಾಪ, ಎಂದು ಮಾತಾಡಿಕೊಳ್ಳುತ್ತಿದ್ದರು. ಭವನ ತುಂಬಿತ್ತು. ಹಿಂದಿನ ಸಾಲಿನಲ್ಲಿ ಅಡುಗೆಯವ್ವನ ಗಂಡ ಕೂತಿದ್ದರು. ಬಟ್ಟೆಬರೆ ಒಯ್ಯಲೆಂದು ಮೈಸೂರಿನಿಂದ ಬಂದಿದ್ದರಂತೆ. ಯಾಕೆ ಸಭೆಗೆ ಬಂದರೋ ನನಗೆ ಗೊತ್ತಿರಲಿಲ್ಲ.

ಬಿ.ಪಿ. ನೋಡುವುದಕ್ಕೂ ಕ್ರಮವಿದೆ. ಟೀ, ಬೀಡಿ ಆಗಿದ್ದರೆ ಅರ್ಧ ಗಂಟೆ ಬಿಡಬೇಕು. ಕುರ್ಚಿಗೆ ಒರಗಿ, ಪಾದ ನೆಲಕ್ಕೂರಿ, ಮಾತಾಡದೆ ಐದು ನಿಮಿಷ ಕೂರಬೇಕು. ತೋಳು ಎದೆಯ ಮಟ್ಟಕ್ಕಿರಬೇಕು, ಮಿಷಿನ್ನಿನ ಪಟ್ಟಿ ಅಂಗಿಯ ಮೇಲೆ ಕಟ್ಟಬಾರದು. ಹೆಚ್ಚು ಬಂದರೆ ಸ್ವಲ್ಪ ಬಿಟ್ಟು ಇನ್ನೊಂದು ಸಲ ನೋಡಬೇಕು. ಅವಸರ ಮಾಡಿದರೆ ಸುಳ್ಳು ಲೆಕ್ಕ ಬರುತ್ತದೆ. ಅವತ್ತು ಒಂದು ಲೆಕ್ಕವೂ ಸುಳ್ಳಾಗಬಾರದೆಂದು ನರ್ಸಿಗೆ ಹೇಳಿದ್ದೆ.

ಜನ ಹಿಂಜರಿಯುತ್ತಿದ್ದರು. ಮೇಷ್ಟ್ರೇ ವೇದಿಕೆಯಿಂದ ಇಳಿದು ಬಂದರು. “ಮೊದಲು ನನ್ನದು ನೋಡಿ. ಪುಡಿ ಕುಡಿಯೋಕೆ ಶುರುಮಾಡಿದಾಗಿಂದ ನಾನು ಬಿ.ಪಿ. ಮಾತ್ರೆ ಮುಟ್ಟಿಲ್ಲ. ಎಲ್ಲರೂ ನೋಡಲಿ.”

ಕೂರಿಸಿದೆವು. ಐದು ನಿಮಿಷ ಭವನ ಗಪ್‌ಚಿಪ್. ನರ್ಸ್ ಪಟ್ಟಿ ಕಟ್ಟಿದಳು. ಮಿಷಿನ್ನಿನ ಅಂಕಿ ನಿಂತಾಗ ಅವಳು ನನ್ನ ಮುಖ ನೋಡಿದಳು. ಇನ್ನೂರ ಎಂಟು, ನೂರ ಹದಿನಾರು. ಸ್ವಲ್ಪ ಬಿಟ್ಟು ಮತ್ತೆ ನೋಡಿದೆವು. ಇನ್ನೂರ ನಾಲ್ಕು, ನೂರ ಹದಿನಾಲ್ಕು.

“ಎಷ್ಟು? ಎಲ್ಲರಿಗೂ ಕೇಳೋ ಹಾಗೆ ಹೇಳಿ” ಎಂದರು ಮೇಷ್ಟ್ರು.

ಆ ಕ್ಷಣದಲ್ಲಿ ನನಗೆ ಕೂಗಬೇಕು ಅನ್ನಿಸಿದ್ದು ಸುಳ್ಳಲ್ಲ. ನಾಲಿಗೆ ತುದಿಗೆ ಬಂದಿತ್ತು. ಆದರೆ ಪಟ್ಟಿ ಕಟ್ಟಿಸಿಕೊಂಡವರು ಯಾರೇ ಆಗಲಿ, ರೋಗಿ. ಅವರ ಲೆಕ್ಕ ಅವರದು. ಚೀಟಿಯಲ್ಲಿ ಬರೆದು ಮಡಿಸಿ ಕೊಟ್ಟೆ. “ನೀವೇ ಓದಿ ಸಾರ್.”

ಅವರು ಚೀಟಿ ಬಿಚ್ಚಿದರು. ತುಂಬ ಹೊತ್ತು ನೋಡಿದರು. ಕಿವಿಯ ಬದಿಯಲ್ಲಿ ಬೆವರು ಇಳಿಯಿತು. ಆಮೇಲೆ ತಲೆ ಎತ್ತಿ, ತರಗತಿಯಲ್ಲಿ ಓದುವ ಸ್ಪಷ್ಟ ದನಿಯಲ್ಲಿ ಓದಿದರು.

“ನೂರ ಇಪ್ಪತ್ತು, ಎಂಬತ್ತು.”

ಭವನ ಚಪ್ಪಾಳೆ ಹೊಡೆಯಿತು. ಡಬ್ಬಿ ತಂದಿದ್ದ ಕಂಪನಿಯ ಏಜೆಂಟು ಪೆಟ್ಟಿಗೆ ಬಿಚ್ಚತೊಡಗಿದ.

ಆ ಚಪ್ಪಾಳೆ ಕೇಳಿ ನನ್ನೊಳಗೆ ಏನೋ ಕಿತ್ತುಬಂತು. ಅಷ್ಟೂ ಜನ ಮನೆಗೆ ಹೋಗಿ ಮಾತ್ರೆಗಳನ್ನು ತಿಪ್ಪೆಗೆ ಎಸೆಯುತ್ತಾರೆ. ಅವರಲ್ಲಿ ಯಾರ ಕೈಯಿಂದ ಮುಂದಿನ ಸೌಟು ಜಾರುತ್ತದೋ. ಒಬ್ಬರ ಗುಟ್ಟು ಕಾಯಲು ನಾನು ಎಷ್ಟು ಜನರನ್ನು ಬಲಿ ಕೊಡಬೇಕು?

“ಸಾರ್, ಚೀಟಿಯಲ್ಲಿರೋದು ಅದಲ್ಲ” ಎಂದೆ.

ಚಪ್ಪಾಳೆ ನಿಂತಿತು.

“ಇನ್ನೂರ ನಾಲ್ಕು, ನೂರ ಹದಿನಾಲ್ಕು. ಎಲ್ಲರಿಗೂ ಕೇಳೋ ಹಾಗೆ ಹೇಳಿ ಅಂದವರು ನೀವೇ. ಹೇಳಿದೀನಿ.”

ಮೇಷ್ಟ್ರು ಕೆಂಪಾದರು. “ಮಿಷಿನ್ ಕೆಟ್ಟಿದೆ! ಬೇಕಂತ ಕೆಟ್ಟ ಮಿಷಿನ್ ತಂದಿದ್ದಾರೆ, ನನ್ನ ಹೆಸರು ಕೆಡಿಸೋಕೆ.”

ಯಾರು ಯಾರನ್ನು ನಂಬಬೇಕೆಂದು ಗೊತ್ತಾಗದೆ ಜನ ಗುಸುಗುಸು ಎನ್ನತೊಡಗಿದರು. ಆಗ ಹಿಂದಿನ ಸಾಲಿನಿಂದ ಅಡುಗೆಯವ್ವನ ಗಂಡ ಎದ್ದರು. ದನಿ ಎತ್ತಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

“ನಮ್ಮೋಳ್ಗೂ ಮಿಷಿನ್ನೇ ಕೆಟ್ಟೋಗಿತ್ತಾ ಸಾ?”

ಮೇಷ್ಟ್ರು ಚೀಟಿ ಮುದುರಿಕೊಂಡು ಪಕ್ಕದ ಕೋಣೆಗೆ ಹೋದರು. ಗಂಡ ಹೊರಗೆ ಹೋಗಿಬಿಟ್ಟರು. ಏಜೆಂಟು ಮೈಕ್ ಹಿಡಿದು ಸಭೆ ಮುಂದುವರಿಯುತ್ತದೆ, ದಯವಿಟ್ಟು ಕೂತುಕೊಳ್ಳಿ ಎನ್ನುತ್ತಿದ್ದ. ಮುಂದಿನ ಸಾಲಿನ ಹೆಂಗಸೊಬ್ಬರು ಎದ್ದು ಬಂದು ನನ್ನ ಮೇಜಿನ ಮುಂದೆ ಕೂತು ತೋಳು ಚಾಚಿದರು. “ನಂದೂ ನೋಡವ್ವ. ನಾನೂ ಮಾತ್ರೆ ಬುಟ್ಟಿವ್ನಿ.” ಅವರ ಹಿಂದೆ ಇನ್ನೊಬ್ಬರು ನಿಂತರು. ಸಾಲು ಬಾಗಿಲವರೆಗೂ ಬೆಳೆಯಿತು. ಮಾತ್ರೆ ಬಿಟ್ಟವರಲ್ಲಿ ಬಹುಪಾಲು ಜನರದು ಮೇಲೆಯೇ ಇತ್ತು. ತಪ್ಪದೆ ನುಂಗುತ್ತಿದ್ದವರದು ಹೆಚ್ಚುಕಡಿಮೆ ಹಿಡಿತದಲ್ಲಿತ್ತು. ಪುಡಿಯ ಬಗ್ಗೆ ನಾನು ಕೊಟ್ಟ ಮಾತಿನಂತೆ ಒಂದು ಮಾತೂ ಆಡಲಿಲ್ಲ. ಚೀಟಿ ಹಿಡಿದುಕೊಂಡು ಅವರವರೇ ಹೋಲಿಸಿಕೊಳ್ಳುತ್ತಿದ್ದರು.

ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ನರ್ಸಿಗೆ ಮೇಜು ಒಪ್ಪಿಸಿ ಅಲ್ಲಿಗೆ ಹೋದೆ. ಸಮಾಧಾನ ಹೇಳಲು ಹೋದದ್ದಲ್ಲ. ಆ ಲೆಕ್ಕದ ಮನುಷ್ಯನನ್ನು ಹಾಗೆ ಬಿಟ್ಟು ಬರುವ ಹಾಗಿಲ್ಲ.

“ತಲೆನೋವಿದೆಯಾ? ಕಣ್ಣು ಮಂಜಾಗುತ್ತಾ? ಎದೆನೋವು?”

“ನನ್ನ ಮರ್ಯಾದೆ ತೆಗೆದೆಯಲ್ಲಮ್ಮ.”

“ತಲೆನೋವಿದೆಯಾ ಸಾರ್?”

“ಇದೆ” ಎಂದರು. “ನಾನು ಯಾರಿಗೂ ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ನಾನೂ ಅದನ್ನೇ ಕುಡೀತಿದ್ದೆ. ನಮ್ಮಪ್ಪನ ಹಾಗೆ ಆಗ್ತೀನೇನೋ ಅಂತ ಎಷ್ಟು ಭಯ ಪಟ್ಟಿದೀನಿ ನಿನಗೆ ಗೊತ್ತಿಲ್ಲ.”

ಅದು ನಿಜವೆಂದು ನನಗೆ ಆಗಲೇ ಅನ್ನಿಸಿತು. ಅಷ್ಟಕ್ಕೇ ಸಿಟ್ಟು ಇಳಿಯಲಿಲ್ಲ. ಭಯಪಟ್ಟವರು ಚೀಟಿಯಲ್ಲಿರುವ ಲೆಕ್ಕವನ್ನು ತಿರುಚಿ ಓದಬೇಕೆಂದೇನೂ ಇಲ್ಲ. “ಜೀಪಿದೆ. ಈಗಲೇ ಆಸ್ಪತ್ರೆಗೆ ಬನ್ನಿ” ಎಂದೆ. ಬರಲಿಲ್ಲ. ಮಗನನ್ನು ಕರೆಸಿಕೊಂಡು ಅವನ ಬೈಕಿನಲ್ಲಿ ಹೊರಟುಹೋದರು.

ನನಗೆ ಕಾರಣ ಕೇಳಿ ನೋಟಿಸ್ ಬಂತು. ರೋಗಿಯ ವಿವರವನ್ನು ಬಹಿರಂಗಪಡಿಸಿದ್ದೇಕೆ ಎಂದು. ದೂರು ಕೊಟ್ಟವರು ಮೇಷ್ಟ್ರಲ್ಲ, ಕಂಪನಿಯವರು. ನಾನು ಬರೆದ ದೂರಿಗೆ ಉತ್ತರವಿಲ್ಲ, ಅವರು ಬರೆದದ್ದಕ್ಕೆ ವಾರದೊಳಗೆ ಕ್ರಮ! ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ಟೆ, ಮತ್ತೆ ಅಂಥ ಸಂದರ್ಭ ಬಂದರೆ ಹೀಗೇ ಮಾಡುತ್ತೇನೆ ಎಂಬ ಸಾಲನ್ನೂ ಸೇರಿಸಿದೆ. ವೈದ್ಯಾಧಿಕಾರಿ ಆ ಸಾಲು ತೆಗೆಯಿರಿ ಎಂದರು. ತೆಗೆಯಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು. ಅವತ್ತು ನಾನು ಮಾಡಿದ್ದು ನೂರಕ್ಕೆ ನೂರು ಸರಿಯೇ ಎಂದು ಕೇಳಿದರೆ ಈಗಲೂ ಹೇಳಲಾರೆ. ಬೇರೇನು ಮಾಡಬಹುದಿತ್ತು ಎಂಬುದೂ ನನಗೆ ಹೊಳೆದಿಲ್ಲ.

ಕಂಪನಿ ಯಳಂದೂರಿಗೆ ಹೋಯಿತು. ಅಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಇನ್ನೊಬ್ಬರು ಸಿಕ್ಕಿದ್ದಾರೆ. ಡಬ್ಬಿಯ ಬಣ್ಣ ಬದಲಾಗಿದೆ. ನಾನೂ ನರ್ಸೂ ಅಲ್ಲಿಗೂ ಹೋಗುತ್ತೇವೆ. ಸಭೆ ನಡೆಯುವ ಬೀದಿಯ ಎದುರಿಗೇ ಮೇಜು ಹಾಕುತ್ತೇವೆ.

ಲೊಕ್ಕನಹಳ್ಳಿಯ ಹೆಂಗಸರ ಸ್ವಸಹಾಯ ಸಂಘದವರು ಅಡುಗೆ ತೋರಿಸಿಕೊಡಿ ಎಂದು ಕರೆದರು. ಉಪ್ಸಾರಿನಿಂದಲೇ ಶುರುಮಾಡಿದೆ. ಉಪ್ಪನ್ನು ಒಂದೇ ಸಲ ಇಳಿಸಿದರೆ ಯಾರೂ ಉಣ್ಣುವುದಿಲ್ಲ, ನಾಲಿಗೆಗೆ ತಿಳಿಯದಂತೆ ವಾರವಾರ ಇಷ್ಟಿಷ್ಟೇ ಇಳಿಸಬೇಕು. ಖಾರದ ಜೊತೆ ಹುಣಸೆ, ಬೆಳ್ಳುಳ್ಳಿ ಸ್ವಲ್ಪ ಮುಂದಾದರೆ ಉಪ್ಪಿನ ಕೊರತೆ ಗೊತ್ತಾಗುವುದಿಲ್ಲ. ಬಸಿದ ಸೊಪ್ಪು ಕಾಳನ್ನು ಪಲ್ಯದಂತೆ ಚೂರು ಬಡಿಸದೆ ತಟ್ಟೆ ತುಂಬ ಬಡಿಸಬೇಕು. ಒಬ್ಬಾಕೆ ಕೇಳಿದರು, “ಇದ್ನುಂಡ್ರೆ ಮರವು ಬರಲ್ವಾ ಮೇಡಮ್ಮ?” ನಾನು ಹಳೆಯ ಉತ್ತರವನ್ನೇ ಕೊಟ್ಟೆ. ಬರುವ ಅಪಾಯ ಕಡಿಮೆ, ಗ್ಯಾರಂಟಿ ಇಲ್ಲ. ಆಕೆ ಸ್ವಲ್ಪ ಯೋಚಿಸಿ, “ಅಂಗಾರೆ ನೀವು ನಿಜ ಯೋಳ್ತಿದ್ದೀರ” ಎಂದು ಇನ್ನೊಂದು ತುತ್ತು ಮುರಿದರು.

ಅಡುಗೆಯವ್ವ ಬದುಕಿದರು. ಬಲಗೈ ಏಳುವುದಿಲ್ಲ. ಮಾತು ಬಂದಿದೆ, ನೆನಪು ಇನ್ನಷ್ಟು ಹೋಗಿದೆ. ಮನೆಯಲ್ಲಿ ಈಗ ಗಂಡನೇ ಬೇಯಿಸುತ್ತಾರೆ, ಮಾತ್ರೆಯನ್ನು ತಾವೇ ಬಾಯಿಗಿಟ್ಟು ನೀರು ಕುಡಿಸುತ್ತಾರೆ. ಬಿ.ಪಿ. ಹಿಡಿತದಲ್ಲಿದೆ. ಎರಡು ವರ್ಷ ಮುಂಚೆ ಇದಾಗಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಕಳೆದ ತಿಂಗಳು ಕೊಳ್ಳೇಗಾಲದ ಆಸ್ಪತ್ರೆಗೆ ಅವರನ್ನು ತಪಾಸಣೆಗೆ ಕರೆತಂದಿದ್ದರು. ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ಗಂಡನ ಪಕ್ಕ ಕೂತಿದ್ದರು. ಆಗ ಮೇಷ್ಟ್ರು ಬಂದರು. ಟೋಕನ್ ಹಿಡಿದುಕೊಂಡು, ಎಲ್ಲರಂತೆ. ಸೊರಗಿದ್ದರು. ಅಷ್ಟು ತಿಂಗಳಲ್ಲಿ ಅವರು ಆಸ್ಪತ್ರೆಗೆ ಬಂದದ್ದು ಅದೇ ಮೊದಲು. ಖಾಲಿ ಇದ್ದ ಜಾಗ ಆ ಬೆಂಚಿನಲ್ಲೊಂದೇ. ಗಂಡ ಮುಖ ತಿರುಗಿಸಿದರು. ಮೇಷ್ಟ್ರು ತುದಿಯಲ್ಲಿ ಕೂತರು.

ಅಡುಗೆಯವ್ವ ಅವರನ್ನೇ ದಿಟ್ಟಿಸಿದರು. ಮುಖದ ಒಂದು ಪಕ್ಕ ಬೆಳಗಿತು. ಕೂತಲ್ಲೇ ನೆಟ್ಟಗಾಗಿ, ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡರು.

“ಅಡ್ಗೆ ಆಗದೆ ಸಾ” ಎಂದರು. “ಮಕ್ಳು ಅಸ್ಕಂಡಿರ್ತವೆ. ಬೆಲ್ ಒಡಿಸ್ಬುಡಿ.”

ಮೇಷ್ಟ್ರು ಅವರ ಕಡೆ ತಿರುಗಿದರು. “ಒಡಿಸ್ತೀನಿ ಕಣವ್ವ” ಎಂದರು.

ನಾನು ಮೇಷ್ಟ್ರ ಸಂಖ್ಯೆ ಕೂಗಿದೆ. ಒಳಗೆ ಬಂದು ಕೂತರು, ಕಣ್ಣು ಒರೆಸಿಕೊಂಡರು. ಹೇಳಲು ಏನೋ ತಡಕಾಡುತ್ತಿದ್ದರು. ನಾನು ಬಿ.ಪಿ. ಪಟ್ಟಿ ಬಿಚ್ಚಿದೆ.

“ಮಾತಾಡಬೇಡಿ ಸಾರ್, ಲೆಕ್ಕ ತಪ್ಪುತ್ತೆ. ಕೈ ಚಾಚಿ.”

ನನ್ನ ದನಿ ಗಡುಸಾಗಿತ್ತು. ಅದನ್ನು ಮೆದು ಮಾಡಿಕೊಳ್ಳಲು ನಾನು ಹೋಗಲಿಲ್ಲ.